ಗ್ವಾಲಿಯರ್‌ಗೆ ಹೊರಟವರೇ, ಓರ್ಛಾ ಬಿಟ್ಟುಬಿಡಿ

ಹೋದ ವಾರ ಮೈಸೂರಿನಿಂದ ನನ್ನ ಅಣ್ಣನ ಮಗ ಒಂದು ಎಕ್ಸೆಲ್ ಶೀಟ್ ಕಳಿಸಿದ್ದ. ಫೆಬ್ರವರಿಯಲ್ಲಿ ಹೆಂಡತಿಯ ಜೊತೆ ದೆಹಲಿಗೆ ಬರುತ್ತಾನಂತೆ. ನಮ್ಮ ಮನೆಯಲ್ಲಿ ಮೂರು ದಿನ, ಆಮೇಲೆ ಗ್ವಾಲಿಯರ್‌ನಲ್ಲಿ ಎರಡು ದಿನ. "ಚಿಕ್ಕಪ್ಪ, ನೀವು ಹೋಗಿ ಬಂದೋರು, ಒಂದ್ಸಲ ಚೆಕ್ ಮಾಡಿ" ಅಂತ ಒಕ್ಕಣೆ ಬೇರೆ. ತೆರೆದು ನೋಡಿದರೆ ಎರಡು ದಿನಕ್ಕೆ ಹನ್ನೊಂದು ಜಾಗ! ಪ್ರತಿಯೊಂದರ ಮುಂದೆಯೂ ನಿಮಿಷದ ಲೆಕ್ಕ. ದತಿಯಾ ಅರಮನೆಗೆ 40 ನಿಮಿಷ, ಝಾನ್ಸಿ ಕೋಟೆಗೆ 45, ಊಟಕ್ಕೆ 25. ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಕಾಲಂ ಕೂಡಿಸುತ್ತಿರುವ ನನಗೆ ಖುಷಿಯಾಗಬೇಕಿತ್ತು, ಟೋಟಲ್ ಎಲ್ಲೂ ತಪ್ಪಿರಲಿಲ್ಲ. ನಾನು ಐದು ಸಾಲು ಹೊಡೆದುಹಾಕಿ, ಒಂದು ಸಾಲು ಸೇರಿಸಿ ವಾಪಸ್ ಕಳಿಸಿದೆ. ಹೊಡೆದ ಐದರಲ್ಲಿ ನಾಲ್ಕು ಓರ್ಛಾದವು. ಹುಡುಗನಿಗೆ ಸಿಟ್ಟು ಬಂತು. ಓರ್ಛಾ ಬಿಟ್ಟು ಗ್ವಾಲಿಯರ್‌ಗೆ ಯಾಕೆ ಹೋಗಬೇಕು ಅಂತ ಕೇಳಿದ.

ಫೋನಿನಲ್ಲಿ ಹೇಳಿದರೆ ಬೈದ ಹಾಗಾಗುತ್ತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಶೀಟ್ ಇಟ್ಟುಕೊಂಡ ಬೇರೆಯವರೂ ಇರಬಹುದು.

ಮೊದಲು ದೂರದ ಲೆಕ್ಕ. ಗ್ವಾಲಿಯರ್‌ನಿಂದ ದತಿಯಾ ಸುಮಾರು 75 ಕಿಲೋಮೀಟರ್. ಅಲ್ಲಿಂದ ಝಾನ್ಸಿ 30, ಝಾನ್ಸಿಯಿಂದ ಓರ್ಛಾ ಹದಿನೈದು-ಹದಿನೆಂಟು. ನಕ್ಷೆಯಲ್ಲಿ ಎಲ್ಲಾ ಒಂದೇ ದಾರಿಯಲ್ಲಿ ಸಾಲಾಗಿ ಕೂತಿರುವುದರಿಂದ "ಹೇಗೂ ಆ ಕಡೆ ಹೋಗ್ತೀವಲ್ಲ" ಅನ್ನಿಸುತ್ತದೆ. ಹೋಗಿ ಬರುವುದಕ್ಕೆ 240 ಕಿಲೋಮೀಟರ್, ಕಾರಿನಲ್ಲೇ ಐದು ಗಂಟೆ. ಫೆಬ್ರವರಿಯಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಉಳಿದದ್ದನ್ನು ನಾಲ್ಕು ಊರಿಗೆ ಹಂಚಿ ನೋಡಿ.

ಆದರೆ ನನ್ನ ತಕರಾರು ದೂರದ್ದಲ್ಲ. ಓರ್ಛಾ ಸಂಜೆಯ ಊರು. ಅಲ್ಲಿಯ ರಾಮರಾಜಾ ದೇವಸ್ಥಾನ ಒಂದು ಕಾಲಕ್ಕೆ ರಾಣಿಯ ಅರಮನೆ. ರಾಣಿ ಗಣೇಶ ಕುಂವರಿ ಅಯೋಧ್ಯೆಯಿಂದ ರಾಮನ ಮೂರ್ತಿ ತಂದಳಂತೆ. ಚತುರ್ಭುಜ ದೇವಸ್ಥಾನ ಇನ್ನೂ ಮುಗಿದಿರಲಿಲ್ಲ, ಸದ್ಯಕ್ಕೆ ಅರಮನೆಯಲ್ಲೇ ಇರಲಿ ಎಂದು ಇಟ್ಟರೆ ಮೂರ್ತಿ ಮತ್ತೆ ಏಳಲೇ ಇಲ್ಲ ಅಂತ ಕಥೆ. ಅಷ್ಟು ಎತ್ತರದ ಗುಡಿ ಕಟ್ಟಿದ್ದು ಹಾಗೇ ಉಳಿಯಿತು, ರಾಮ ಅರಮನೆಯಲ್ಲೇ ಉಳಿದ. ಅಲ್ಲಿ ರಾಮ ರಾಜ. ಪೊಲೀಸರು ಬಂದೂಕು ಹಿಡಿದು ಗೌರವವಂದನೆ ಕೊಡುತ್ತಾರೆ. ಮಧ್ಯಾಹ್ನ ಬಾಗಿಲು ಹಾಕಿದರೆ ತೆರೆಯುವುದು ಕತ್ತಲಾದ ಮೇಲೆ. ಇನ್ನು ಬೇತ್ವಾ ನದಿಯ ದಂಡೆಯಲ್ಲಿ ಬುಂದೇಲಾ ರಾಜರ ಛತ್ರಿಗಳಿವೆ, ಅಂದರೆ ಸ್ಮಾರಕ ಮಂಟಪಗಳು. ಸೂರ್ಯ ಇಳಿಯುವಾಗ ಆಚೆ ದಡದಿಂದ ನೋಡಬೇಕು. ಗ್ವಾಲಿಯರ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವವನಿಗೆ ಸಿಗುವುದು ಓರ್ಛಾದ ಮಟಮಟ ಮಧ್ಯಾಹ್ನ ಮಾತ್ರ. ಹುಡುಗನ ಶೀಟಿನಲ್ಲಿ ಛತ್ರಿಗಳ ಹೆಸರೇ ಇಲ್ಲ.

ಆ ಶೀಟ್ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು ಅನ್ನಿ. 2019ರ ನವೆಂಬರಿನಲ್ಲಿ ಹೆಚ್ಚುಕಮ್ಮಿ ಇದೇ ಪ್ಲಾನ್ ನಾನೇ ಹಾಕಿದ್ದೆ, ಇವನ ಅಪ್ಪನಿಗೋಸ್ಕರ.

ಅಣ್ಣ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು. ನಾನು ದೆಹಲಿಗೆ ವರ್ಗವಾಗಿ ಬಂದು ಇಪ್ಪತ್ತಮೂರು ವರ್ಷವಾದರೂ ಒಂದೇ ಸಲ ಬಂದಿದ್ದ. ಆಗ್ರಾ ನೋಡಿಯಾಗಿತ್ತು. ಯಾವುದೋ ಹಳೇ ಕ್ಯಾಲೆಂಡರಿನಲ್ಲಿ ಓರ್ಛಾದ ಛತ್ರಿಗಳನ್ನು ನೋಡಿದ್ದನಂತೆ, ಕೂತು ಬರೆಯಬೇಕು ಎಂದು ಚೀಲದಲ್ಲಿ ಸ್ಕೆಚ್ ಪುಸ್ತಕ ಇಟ್ಟುಕೊಂಡು ಬಂದಿದ್ದ. ನನಗೋ, ಅಪರೂಪಕ್ಕೆ ಬಂದವನಿಗೆ ಎಲ್ಲಾ ತೋರಿಸಿಬಿಡಬೇಕೆಂಬ ಹಪಾಹಪಿ.

ಏಳಕ್ಕೆ ಗ್ವಾಲಿಯರ್ ಬಿಟ್ಟು ದತಿಯಾ ಮುಟ್ಟಿದೆವು. ಈ ಅರಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಓಡಾಡುವ ನಾವೆಲ್ಲಾ ಇದನ್ನು ಎಷ್ಟು ಸಲ ದಾಟಿದ್ದೇವೋ ಲೆಕ್ಕವಿಲ್ಲ, ಆದರೆ ರಾತ್ರಿಯ ನಿದ್ದೆಯಲ್ಲಿ. ಹಗಲು ರೈಲಾದರೆ ಕಿಟಕಿಯಿಂದಲೇ ಕಾಣುತ್ತದೆ, ಊರ ನಡುವೆ ಬಂಡೆಯ ದಿಬ್ಬದ ಮೇಲೆ ಏಳಂತಸ್ತು. ಕಟ್ಟಿಸಿದವನು ಬೀರ್ ಸಿಂಗ್ ದೇವ್. 1602ರಲ್ಲಿ ಸಲೀಮನ ಮಾತಿನ ಮೇಲೆ ಅಕ್ಬರನ ಮಂತ್ರಿ ಅಬುಲ್ ಫಜಲ್‌ನನ್ನು ಕೊಲ್ಲಿಸಿದವನು ಇವನೇ. ಸಲೀಮ ಜಹಾಂಗೀರನಾದ ಮೇಲೆ ಬೀರ್ ಸಿಂಗನ ಅದೃಷ್ಟ ಖುಲಾಯಿಸಿತು. ಓರ್ಛಾದ ಜಹಾಂಗೀರ್ ಮಹಲ್ ಕೂಡ ಅವನು ಕಟ್ಟಿಸಿದ್ದೇ. ದತಿಯಾದ್ದರಲ್ಲಿ ರಾಜಮನೆತನ ವಾಸವೇ ಮಾಡಲಿಲ್ಲ ಅನ್ನುತ್ತಾರೆ. ಕೆಳಗಿನ ಅಂತಸ್ತುಗಳು ಕತ್ತಲು, ಮೆಟ್ಟಿಲು ಕಡಿದು. ತಡವರಿಸಿಕೊಂಡು ಹತ್ತಿ ಮೇಲೆ ಬಂದರೆ ಒಮ್ಮೆಲೇ ಆಕಾಶ. ನಡುವೆ ಒಂದು ಗೋಪುರ, ಅದಕ್ಕೆ ನಾಲ್ಕೂ ಕಡೆಯಿಂದ ಸೇತುವೆಯಂಥ ಓಣಿಗಳು.

ಅರಮನೆ ಅಂದರೆ ನಮಗೆ ಮೈಸೂರು. ಕಂಬ, ಬಣ್ಣದ ಗಾಜು, ದಸರಾ ದೀಪ. ಅಣ್ಣ ಏದುಸಿರು ಬಿಡುತ್ತಾ "ಸಿಂಹಾಸನ ಎಲ್ಲೋ?" ಅಂದ. ಇಲ್ಲಿ ಒಂದು ಕುರ್ಚಿಯೂ ಇಲ್ಲ. ಆದರೆ ಐದು ನಿಮಿಷದಲ್ಲಿ ಅವನ ಕುತ್ತಿಗೆ ಮೇಲಕ್ಕೆ ತಿರುಗಿತ್ತು. ಛಾವಣಿಯಲ್ಲಿ ಮಾಸಿದ ಬಣ್ಣದ ಚಿತ್ರಗಳು, ನವಿಲು, ಕುಣಿಯುವ ಹೆಂಗಸರು. ಒಂದರ ಕೆಳಗೆ ನೆಲದ ಮೇಲೆ ಕೂತೇಬಿಟ್ಟ, ಚೀಲಕ್ಕೆ ಕೈ ಹಾಕಿದ. ನಾನು ಗಡಿಯಾರ ತೋರಿಸಿದೆ.

ಝಾನ್ಸಿ ಕೋಟೆ ಓಡುತ್ತಾ ನೋಡಿದ್ದು, ನೆನಪಿರುವುದು ಬಿಸಿಲು ಮಾತ್ರ. ಓರ್ಛಾ ಮುಟ್ಟಿದಾಗ ಎರಡು ಗಂಟೆ, ರಾಮರಾಜನ ಬಾಗಿಲು ಹಾಕಿತ್ತು. ಜಹಾಂಗೀರ್ ಮಹಲಿನ ಮೆಟ್ಟಿಲು ನೋಡಿ ಅಣ್ಣ ಕೆಳಗೇ ಕೂತ. "ನೀನು ನೋಡ್ಕೊಂಡ್ ಬಾ" ಅಂದ. ಬಂದೆ. ಮೂರೂವರೆಗೆ ಅವನನ್ನು ಕಾರು ಹತ್ತಿಸಿದೆ. ಯಾಕೆ? ಗ್ವಾಲಿಯರ್ ಕೋಟೆಯ ಧ್ವನಿ-ಬೆಳಕು ಕಾರ್ಯಕ್ರಮ ತಪ್ಪಿಸಿಕೊಳ್ಳಬಾರದಲ್ಲ! ಸೇತುವೆಯ ಹತ್ತಿರ ಛತ್ರಿಗಳು ಕಂಡವು. "ಸಂಜೆತನಕ ಇರಕ್ಕಾಗಲ್ವೇನೋ?" ಅಂದ. ನಾನು ಟಿಕೆಟ್ಟಿನ ವಿಷಯ ಹೇಳಿದೆ. "ಹೋಗ್ಲಿ ಬಿಡು, ಇನ್ನೊಂದ್ಸಲ ಬಂದ್ರಾಯ್ತು" ಅಂದ. ರಾತ್ರಿ ಕಾರ್ಯಕ್ರಮ ಹಿಂದಿಯಲ್ಲಿತ್ತು. ಅವನಿಗೆ ಹಿಂದಿ ಬರೋದಿಲ್ಲ. ಪೂರ್ತಿ ನಿದ್ದೆ ಹೊಡೆದ.

2021ರಲ್ಲಿ ಅವನಿಗೆ ಪಾರ್ಶ್ವವಾಯು ಆಯಿತು. ಬಲಗೈ. ಈಗ ಮನೆಯೊಳಗೆ ಓಡಾಡುತ್ತಾನೆ, ಅಷ್ಟೇ. ನನ್ನ ಮೊಬೈಲಿನಲ್ಲಿ ಆ ದಿನದ್ದು ನೂರ ಅರವತ್ತು ಫೋಟೋ ಇವೆ. ಅಣ್ಣ ಇರುವುದು ಮೂರರಲ್ಲಿ, ಮೂರರಲ್ಲೂ ಎಲ್ಲೋ ಒಂದು ಕಡೆ ಕೂತಿದ್ದಾನೆ.

ಆದ್ದರಿಂದ ನನ್ನ ಪ್ಲಾನ್ ಹೀಗೆ. ಮೊದಲ ದಿನ ಕೋಟೆ, ಜಯವಿಲಾಸ. ಸೋಮವಾರ ಬೇಡ, ಗೂಜರಿ ಮಹಲಿನ ಮ್ಯೂಸಿಯಂಗೆ ರಜೆ. ನಿಜಾಮುದ್ದೀನಿನಿಂದ ಗತಿಮಾನ್ ಶುಕ್ರವಾರ ಓಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದರೆ ಯಾವ ರೈಲೂ ನಂಬುವ ಹಾಗಿಲ್ಲ. ಜಯವಿಲಾಸದ ದರ್ಬಾರ್ ಹಾಲಿನ ಎರಡು ದೀಪಗುಚ್ಛಗಳು ಒಂದೊಂದು ಮೂರೂವರೆ ಟನ್. ತೂಗುಹಾಕುವ ಮುಂಚೆ ಛಾವಣಿ ತಡೆಯುತ್ತದೋ ಇಲ್ಲವೋ ಎಂದು ಮೇಲೆ ಆನೆಗಳನ್ನು ಹತ್ತಿಸಿದ್ದರಂತೆ. ಸಾಲ ಕೊಡುವ ಮುಂಚೆ ನಾವೂ ಇಷ್ಟು ಪರೀಕ್ಷೆ ಮಾಡುವುದಿಲ್ಲ.

ನಾನು ಸೇರಿಸಿದ ಸಾಲು ಸೊನ್ನೆಯ ಗುಡಿ. ಕಾರುಗಳು ಉರವಾಯಿ ಬಾಗಿಲಿನ ಕಡೆಯಿಂದ ಕೋಟೆ ಹತ್ತುತ್ತವೆ. ಆ ದಾರಿಯಲ್ಲಿ ಬಂಡೆಯಲ್ಲಿ ಕೊರೆದ ತೀರ್ಥಂಕರರು ಸಿಗುತ್ತಾರೆ, ಬೆಳಗೊಳ ನೋಡಿದ ನಮ್ಮವರಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಇಳಿಯುವಾಗ ಪೂರ್ವದ ಕಾಲುದಾರಿಯಲ್ಲಿ ಇಳಿಯಿರಿ. ಅಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಪುಟ್ಟ ಚತುರ್ಭುಜ ಗುಡಿಯಿದೆ. ಕ್ರಿ.ಶ. 876ರ ಶಾಸನದಲ್ಲಿ ದೇವರ ಹೂದೋಟದ ಅಳತೆ 270 ಹಸ್ತ, ಮಾಲೆಗಳು 50 ಎಂದು ಬರೆದಿದೆ, ನಾವು ಬರೆಯುವ ಹಾಗೇ ಸೊನ್ನೆ ಹಾಕಿ. ಬ್ಯಾಂಕಿನವರು ಕೈಮುಗಿಯಬೇಕಾದ ಜಾಗ ಇದು.

ಎರಡನೇ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ದತಿಯಾ ಒಂದೇ. ಸಂಜೆ ಗ್ವಾಲಿಯರ್‌ನಿಂದ ದೆಹಲಿ ರೈಲು.

ಓರ್ಛಾ ಬೇಕೇ ಬೇಕು ಅಂದರೆ ಮೂರನೇ ದಿನ ಬೇಕು. ದತಿಯಾ ನೋಡಿಕೊಂಡು ಓರ್ಛಾಗೆ ಹೋಗಿ ರಾತ್ರಿ ಅಲ್ಲೇ ಉಳಿದು, ಮರುದಿನ ಝಾನ್ಸಿಯಿಂದ ರೈಲು ಹಿಡಿಯಬಹುದು. ಒಂದು ದಿನ ಹೆಚ್ಚು ರಜೆ ಕೇಳೋ ಅಂದೆ. "ಮ್ಯಾನೇಜರ್ ಕೊಡಲ್ಲ ಚಿಕ್ಕಪ್ಪ" ಅಂದ. ಮ್ಯಾನೇಜರಾಗಿ ನಾನೂ ಎಷ್ಟು ಜನಕ್ಕೆ ಕೊಟ್ಟಿಲ್ಲವೋ, ಹಾಗಾಗಿ ಸುಮ್ಮನಾದೆ. ನಿನ್ನೆ ರಾತ್ರಿ ಶೀಟ್ ಮತ್ತೆ ಬಂದಿದೆ. ಝಾನ್ಸಿ ತೆಗೆದಿದ್ದಾನೆ. ಓರ್ಛಾದ ನಾಲ್ಕು ಸಾಲು ಹಳದಿ ಬಣ್ಣದಲ್ಲಿವೆ, ಕೆಳಗೆ ಐದನೆಯದಾಗಿ ಛತ್ರಿ ಸೇರಿಸಿದ್ದಾನೆ. ಅದರ ಮುಂದಿನ ನಿಮಿಷದ ಕಾಲಂ ಖಾಲಿ ಇದೆ.