ನಡೆಯೋರಿಗೂ ಒಂದು ದಾರಿ ಬಿಡ್ರಿ

ಚಿಕ್ಕಪಡಸಲಗಿಯಲ್ಲಿ ನಮ್ಮವ್ವ ಈಗಲೂ ದಿನಾ ಹೊಲಕ್ಕೆ ನಡೆದೇ ಹೋಗ್ತಾಳೆ. ಹೋಗಿ ಬರೋಕೆ ಮೂರು ಕಿಲೋಮೀಟರ್. ಅದೇ ಅವ್ವ ಬೆಂಗಳೂರಿಗೆ ಬಂದಾಗ ಅರ್ಧ ಕಿಲೋಮೀಟರ್ ದೂರದ ಗುಡಿಗೆ ನನ್ನ ಬೈಕ್ ಹತ್ತಬೇಕಾಯ್ತು. ಮೊದಲ ದಿನ ನಡೆದೇ ಹೊರಟಿದ್ದಳು. ಫುಟ್‌ಪಾತ್ ಮೇಲೆ ಕಾರು. ಕೆಳಗಿಳಿದರೆ ಹಿಂದಿನಿಂದ ಹಾರ್ನ್. ಮತ್ತೆ ಹತ್ತಿದರೆ ಅಲುಗಾಡೋ ಚಪ್ಪಡಿ. ಅರ್ಧ ದಾರಿಯಿಂದಲೇ ವಾಪಸ್ ಬಂದು ಕೇಳಿದಳು: "ಅಲ್ಲೋ, ಇಷ್ಟು ದೊಡ್ಡ ಊರಾಗ ನಡಕೊಂತ ಹೋಗಾಕ ದಾರೀನ ಇಲ್ಲೇನೋ?"

ನಮ್ಮೂರ ರಸ್ತೆ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಎಳಕೊಂಡು ಬರೋ ಟ್ರ್ಯಾಕ್ಟರ್ ಕಂಡರೆ ಎಲ್ಲರೂ ಪಕ್ಕಕ್ಕೆ ಸರೀತಾರೆ. ಆದರೆ ಅಲ್ಲಿ ಸರಿಯೋಕೆ ಪಕ್ಕ ಅಂತ ಒಂದಿದೆ.

"ಬೆಂಗಳೂರಲ್ಲಿ ಜಾಗ ಎಲ್ಲಿದೆ?" ಅಂತಾರೆ ಆಫೀಸಿನ ಗೆಳೆಯರು. ಇದೆ ಸ್ವಾಮಿ, ಅದನ್ನ ನಿಂತಿರೋ ಕಾರಿಗೆ ಕೊಟ್ಟಿದೀವಿ. ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಜಾಗ ಇರಬೇಕು ಅನ್ನುತ್ತೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಫುಟ್‌ಪಾತ್ ಮೇಲೆ ಪಾರ್ಕಿಂಗ್ ಮಾಡಬಾರದು ಅನ್ನುತ್ತೆ 2017ರ ಕೇಂದ್ರ ಚಾಲನಾ ನಿಯಮ. ಎರಡನ್ನೂ ಓದೋರಿಲ್ಲ. ದುಡ್ಡಿಲ್ಲ ಅನ್ನೋದೂ ಸುಳ್ಳು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸಾವಿರಾರು ಕೋಟಿಯ ಸುರಂಗ ರಸ್ತೆ ಕೊರೆಯೋ ಯೋಜನೆ ಮಾಡೋರಿಗೆ ಚಪ್ಪಡಿ ಸರಿಮಾಡೋಕೆ ದುಡ್ಡಿಲ್ವಾ?

ಬೈಯೋದಾದ್ರೆ ಸರ್ಕಾರವನ್ನಷ್ಟೇ ಬೈದು ಸುಮ್ಮನಾಗಬೇಡಿ. ಕೊರೊನಾ ಕಾಲದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ರು. ಸೈಕಲ್‌ಗಿಂತ ಮೊದಲು ಅದರೊಳಗೆ ನುಗ್ಗಿದ್ದು ಬೈಕುಗಳು. ಅದರಲ್ಲಿ ನನ್ನದೂ ಒಂದು. ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ತಡ ಆಗಿತ್ತು. ಆಮೇಲೆ "ಸೈಕಲ್ ಲೇನ್ ಯಾರೂ ಬಳಸಲ್ಲ" ಅಂದೋರೂ ನಾವೇ.

ನಮಗೆ ಸೈಕಲ್ ಅಂದರೆ ಭಾನುವಾರದ ಹೆಲ್ಮೆಟ್ಟು, ನಂದಿ ಬೆಟ್ಟ, ಸೆಲ್ಫಿ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ದಿನಾ ರಾತ್ರಿ ಪಾಳಿ ಮುಗಿಸಿ ಹೋಗೋದು ಸೈಕಲ್ ಮೇಲೆ. ಮನೆಗೆಲಸದೋರು ಬರೋದು ನಡೆದು. ಲೇನ್ ಬೇಕಿರೋದು ಅವರಿಗೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ನನ್ನ ತಂಗಿ ಆ ಸೈಕಲ್ ತುಳಿದೇ ಹೈಸ್ಕೂಲ್ ಮುಗಿಸಿದಳು. ಹಳ್ಳಿ ಹುಡುಗಿಯ ಭವಿಷ್ಯಕ್ಕೆ ಸೈಕಲ್ ಬೇಕು ಅಂತ ಒಪ್ಪಿದ ಸರ್ಕಾರಕ್ಕೆ, ಅದೇ ಹುಡುಗಿ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಅದನ್ನ ತುಳಿಯೋಕೆ ರಸ್ತೆ ಬೇಕು ಅಂತ ಯಾಕೆ ಹೊಳೆಯಲ್ಲ?

ಕೇಳೋದು ಬಹಳವಿಲ್ಲ. ಹೊಸ ಫ್ಲೈಓವರ್‌ಗಿಂತ ಮೊದಲು ಪ್ರತಿ ಮೆಟ್ರೋ ಸ್ಟೇಷನ್ ಸುತ್ತ ಒಂದು ಕಿಲೋಮೀಟರ್ ತುಂಡಾಗದ ಫುಟ್‌ಪಾತ್ ಕೊಡಿ. ದಾಟೋ ಕಡೆ ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ. ಗಾಡಿ ನಿಲ್ಲಿಸೋರಿಂದ ಬಾಡಿಗೆ ವಸೂಲಿ ಮಾಡಿ, ನನ್ನಿಂದಲೂ.

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ನಮ್ಮ ಕಡೆ ರೈತರು ತಾವೇ ದುಡ್ಡು ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ರು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಯಾರೂ ಕೇಳ್ತಿಲ್ಲ. ನಾಳೆ ಬೆಳಿಗ್ಗೆ ಸಿಗ್ನಲ್ ಹತ್ತಿರ ಟ್ರಾಫಿಕ್ ಕಟ್ಟಿದಾಗ ಬೈಕನ್ನ ಫುಟ್‌ಪಾತ್ ಮೇಲೆ ಹತ್ತಿಸದೆ ಇದ್ದರೆ ಸಾಕು. ಅಲ್ಲಿ ಯಾರದೋ ಅವ್ವ ನಡೀತಿರ್ತಾಳೆ.