ಹಾಸನದ ಹೃದಯಾಘಾತಗಳಿಗೆ ಕೋವಿಡ್ ಲಸಿಕೆ ಕಾರಣವೇ?

2025ರ ಮೇ-ಜೂನ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮದುವೆ ಫೋಟೊಗಳ ನಡುವೆ ಹೃದಯಾಘಾತದ ಸುದ್ದಿಗಳು. ‘ಲಸಿಕೆಯೇ ಕಾರಣ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಾಬರಿಯಾದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು.

ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಸಾವುಗಳಿಗೆ ಹೃದಯ ಕಾರಣವೇ ಅಲ್ಲ. ಒಂದಂತೂ ರಸ್ತೆ ಅಪಘಾತ! ಉಳಿದ 20ರಲ್ಲಿ 10 ಖಚಿತ, 10 ಸಂಭವನೀಯ. ಅಸಹಜ ಏರಿಕೆ ಕಂಡಿಲ್ಲ ಎಂದಿತು ವರದಿ. ಆ 20 ಮನೆಗಳಿಗೆ ಇದು ಸಮಾಧಾನವಲ್ಲ, ನಿಜ.

ಲಸಿಕೆಯ ವಿಷಯಕ್ಕೆ ಬರೋಣ. ಹಠಾತ್ತನೆ ತೀರಿಕೊಂಡ 18-45 ವಯಸ್ಸಿನವರನ್ನು ಅದೇ ವಯಸ್ಸಿನ ನೆರೆಹೊರೆಯವರೊಂದಿಗೆ ಐಸಿಎಂಆರ್ ಹೋಲಿಸಿ ನೋಡಿತ್ತು. 2023ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಲಸಿಕೆಯಿಂದ ಅಪಾಯ ಹೆಚ್ಚಿಲ್ಲ. ಹೆಚ್ಚಿದ್ದು ಮನೆತನದಲ್ಲಿ ಹಠಾತ್ ಸಾವು ಸಂಭವಿಸಿದ್ದವರಿಗೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದವರಿಗೆ ಅಥವಾ ತೀವ್ರ ದೈಹಿಕ ಶ್ರಮ ಮಾಡಿದವರಿಗೆ.

ಬೀಗರೂಟದಲ್ಲಿ ರಾತ್ರಿಯಿಡೀ ಕುಡಿದು, ಬೆಳಿಗ್ಗೆ ‘ಕೊಬ್ಬು ಕರಗಿಸಲು’ ಏಕಾಏಕಿ ಓಡುವವರು ಇದನ್ನು ಗಮನಿಸಬೇಕು. ಓಟವೇ ಬೇಡವೆಂದಲ್ಲ; ನಡಿಗೆಯಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ. ಎದೆ ಹಿಂಡಿದಂತಾಗಿ, ತೋಳು-ದವಡೆ ನೋವು, ಬೆವರು ಬಂದರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ, ತಕ್ಷಣ ಇಸಿಜಿ ಮಾಡಿಸಿ.