ಪಂಚರ್ ಹಣೆಬರಹವಲ್ಲ ಸ್ವಾಮೀ!

"ಸಾರ್, ಸೈಕಲ್ ಪಂಚರ್!"

ಹಳ್ಳಿಯಿಂದ ಹೈಸ್ಕೂಲಿಗೆ ಬರುವ ಹುಡುಗರು ತಡವಾದಾಗ ಹೇಳುವ ಮಾತು ಇದು. ಮೇಷ್ಟ್ರು ನಂಬೋದಿಲ್ಲ. ಆದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ರಸ್ತೆ ನೋಡಿದವರು ನಂಬಲೇಬೇಕು. ಚಳ್ಳಕೆರೆ, ಹಿರಿಯೂರು ಕಡೆ ಹೋಗಿ ನೋಡಿ, ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ. ಬೇಲಿಗೆ ಅಂತ ಕಡಿಯುತ್ತಾರೆ, ರಸ್ತೆ ಮೇಲೇ ಎಳೆದುಕೊಂಡು ಹೋಗುತ್ತಾರೆ. ಉದುರಿದ ಮುಳ್ಳು ಯಾರಿಗೆ? ಸೈಕಲ್ಲಿನವನಿಗೆ!

2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಸೈಕಲ್ ಹಂಚುವ ದಿನ ಹಾರ, ಭಾಷಣ, ಫೋಟೊ ಎಲ್ಲಾ ಆಯಿತು. ಆಮೇಲೆ ಆ ಸೈಕಲ್ಲಿನ ಟೈರಿನ ಗತಿ ಏನಾಯಿತು ಎಂದು ಕೇಳಿದವರಾರು? ಎರಡು ಸಲ ನಡುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದ ಹೆಣ್ಣುಮಗಳಿಗೆ ಮನೆಯವರು "ಸಾಕು ಬಿಡವ್ವ ಸ್ಕೂಲು" ಅಂದುಬಿಟ್ಟರೆ, ನಷ್ಟ ಬರೀ ಒಂದು ಟ್ಯೂಬಿನದೇ?

ಪಂಚರ್ ಶಾಪಿನವರನ್ನು ಕೇಳಿ, ಸತ್ಯ ಹೇಳುತ್ತಾರೆ. ಮುಳ್ಳಷ್ಟೇ ಅಲ್ಲ, ಗಾಳಿ ಇಲ್ಲದ್ದೂ ಕಾರಣ. ಟ್ಯೂಬಿನಲ್ಲಿ ತೂತಿಲ್ಲದಿದ್ದರೂ ಗಾಳಿ ದಿನದಿನಕ್ಕೆ ಸೋರುತ್ತದೆ. ಮೆತ್ತಗಾದ ಟೈರು ಗುಂಡಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಅಪ್ಪಚ್ಚಿ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು! ಹೆಬ್ಬೆರಳಲ್ಲಿ ಒತ್ತಿದರೆ ಟೈರು ಗಟ್ಟಿಯಾಗಿರಬೇಕು. ವಾರಕ್ಕೊಮ್ಮೆ ಗಾಳಿ ಹೊಡೆಯಬೇಕು.

ಮುಳ್ಳೂ ಚುಚ್ಚಿದ ಕೂಡಲೇ ಗಾಳಿ ಹೋಗೋದಿಲ್ಲ. ತುದಿ ಮುರಿದು ರಬ್ಬರಿನಲ್ಲೇ ಕೂರುತ್ತದೆ. ಚಕ್ರ ಉರುಳಿದಷ್ಟೂ ಒಳಕ್ಕೆ ಹೋಗುತ್ತದೆ. ಸಂಜೆ ಟೈರು ತಿರುಗಿಸಿ ನೋಡಿ ಪಿನ್ನಿನಲ್ಲಿ ಕಿತ್ತರೆ ಮುಗಿಯಿತು. ಪ್ಯಾಚು ಹಾಕಿಸುವಾಗಲೂ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಲೇಬೇಕು. ಇಲ್ಲದಿದ್ದರೆ ನಾಳೆ ಮತ್ತದೇ ಜಾಗದಲ್ಲಿ ಪಂಚರ್. ರಿಮ್ಮಿನ ಒಳಗಿನ ಪಟ್ಟಿ ಸರಿದು ಕಡ್ಡಿಯ ತುದಿ ಟ್ಯೂಬಿಗೆ ತಾಗುತ್ತಿದೆಯೇ, ಅದನ್ನೂ ನೋಡಿ.

ಇನ್ನು ಟೈರು ಢಮಾರ್ ಎನ್ನುವುದು. ಪಕ್ಕ ಸೀಳಿದ ಹಳೇ ಟೈರಿಗೆ ಗಟ್ಟಿ ಗಾಳಿ ತುಂಬಿದರೆ ಟ್ಯೂಬು ಹೊರಗೆ ಉಬ್ಬುತ್ತದೆ, ಒಡೆಯುತ್ತದೆ. ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದರೂ ಅದೇ ಗತಿ. ಬ್ರೇಕಿನ ರಬ್ಬರು ಟೈರಿಗೆ ಉಜ್ಜಿದರೂ ಅಷ್ಟೇ. ಪೆಟ್ರೋಲ್ ಬಂಕಿನ ಮಿಷನ್ ಗಾಳಿ ಸಣ್ಣ ಟ್ಯೂಬಿಗೆ ಕ್ಷಣದಲ್ಲಿ ಹೆಚ್ಚಾಗುತ್ತದೆ, ಹುಷಾರು!

ಗಾಳಿ ಟೈರಿಗೆ ಡನ್‌ಲಪ್ ಎಂಬ ದನದ ಡಾಕ್ಟರು ಪೇಟೆಂಟು ಪಡೆದದ್ದು 1888ರಲ್ಲಿ. ಇಷ್ಟು ವರ್ಷಗಳಾದರೂ ನಮ್ಮ ಶಾಲೆಗಳಲ್ಲಿ ಆ ಗಾಳಿಗೆ ಜಾಗವಿಲ್ಲ. ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಹೈಸ್ಕೂಲಿಗೊಂದು ನಿಲ್ಲಿಸಿ ಹೊಡೆಯುವ ಕೈಪಂಪು, ಒಂದು ಡಬ್ಬಿ ಸಲ್ಯೂಷನ್, ನಾಲ್ಕು ಪ್ಯಾಚು. ಶನಿವಾರದ ಒಂದು ಪೀರಿಯಡ್ಡಿನಲ್ಲಿ ಪಕ್ಕದ ಸೈಕಲ್ ಶಾಪಿನವರನ್ನು ಕರೆಸಿ ಹುಡುಗ ಹುಡುಗಿಯರಿಬ್ಬರಿಗೂ ಪಂಚರ್ ಹಾಕೋದು ಕಲಿಸಿ. ಸಂಭಾವನೆಯನ್ನೂ ಕೊಡಿ. ಪುಕ್ಕಟೆ ಬಾ ಎನ್ನಬೇಡಿ.

ಪಂಚಾಯ್ತಿಯವರಿಗೂ ಒಂದು ಮಾತು. ಜಾಲಿ ಕಡಿಸುವಾಗ ಬಿಲ್ಲು ಆಗುವುದು ಕಡಿದದ್ದಕ್ಕೆ ಮಾತ್ರ ಆಗಬಾರದು. ಮುಳ್ಳು ಗುಡಿಸಿ ರಸ್ತೆ ಬಿಟ್ಟುಕೊಟ್ಟ ಮೇಲೆ ಸಹಿ ಹಾಕಿ. ಅಷ್ಟು ಮಾಡದ ಕಂಟ್ರಾಕ್ಟರಿಗೆ ಶಿಕ್ಷೆ ಸರಳ. ಸ್ಕೂಲು ಶುರುವಾಗುವ ಹೊತ್ತಿಗೆ ಅದೇ ರಸ್ತೆಯಲ್ಲಿ ಸೈಕಲ್ ಕೊಟ್ಟು ಕಳಿಸಿ!